ಎಂಟು ದೇಶದವರು ಹೇಳದ ಹೆಸರು

ಆವ್‌ಸುವಾ, ಕಿನ್ಮೆನ್ ದ್ವೀಪ
ಚಾಂದ್ರಮಾನ ಒಂಬತ್ತನೇ ತಿಂಗಳು, ಹದಿನೆಂಟನೇ ದಿನ

ನನ್ನ ಮುದ್ದಿನ ಹುಯ್‌ಲಿಂಗ್,

ಹೇಗಿದ್ದೀಯ? ತೈಪೆಯಲ್ಲಿ ಚಳಿ ಬಿತ್ತೇ? ನಾನು ಹೆಣೆದು ಕಳಿಸಿದ ಬೂದುಬಣ್ಣದ ಸ್ವೆಟರ್ ಹಾಕಿಕೊಳ್ಳುತ್ತಿದ್ದೀಯೋ, ಇಲ್ಲ ನಿಮ್ಮ ಸಂಸದ ಸಾಹೇಬರ ಕಚೇರಿಯವರು ನಗುತ್ತಾರೆಂದು ಪೆಟ್ಟಿಗೆಯೊಳಗೇ ಇಟ್ಟಿದ್ದೀಯೋ? ಹತ್ತು ದಿನದಿಂದ ನೀನು ಫೋನ್ ಮಾಡುತ್ತಲೇ ಇದ್ದೀಯ, ನಾನು ಎತ್ತುತ್ತಿಲ್ಲ. ತಪ್ಪು ನನ್ನದೇ, ಒಪ್ಪಿಕೊಂಡೆ. ಈ ಕಾಗದವನ್ನೂ ಎರಡು ಸಲ ಬರೆದು ಹರಿದೆ. ಮೊದಲನೆಯದರಲ್ಲಿ ಬರೀ ಬೈಗುಳ ಇತ್ತು. ಎರಡನೆಯದರಲ್ಲಿ ಒಂದು ಬೈಗುಳವೂ ಇರಲಿಲ್ಲ, ಓದಿ ನೋಡಿದರೆ ಯಾರೋ ಬೇರೆಯವರು ಬರೆದಂತಿತ್ತು. ಫೋನಿನಲ್ಲಾದರೆ ನಾನು ಒಂದು ಮಾತಾಡುವಷ್ಟರಲ್ಲಿ ನೀನು ಹತ್ತು ಆಡುತ್ತೀಯ. ಕಾಗದದ ಮಧ್ಯೆ ಬಾಯಿ ಹಾಕುವುದಕ್ಕೆ ಆಗುವುದಿಲ್ಲ. ಕೂತು ಪೂರ್ತಿ ಓದು.

ಮೊದಲು ಮನೆಯ ಸುದ್ದಿ. ಈಶಾನ್ಯದ ಗಾಳಿ ಎದ್ದಿದೆ, ಸಿಂಪಿಗಳು ಚಿಪ್ಪಿನೊಳಗೆ ಮೈ ತುಂಬಿಕೊಳ್ಳುತ್ತಿವೆ. ಸಿಂಪಿ ಬಿಡಿಸುವಾಗ ನನ್ನ ಬಲಗೈ ಹೆಬ್ಬೆರಳು ಮತ್ತೆ ಕೊಯ್ದುಕೊಂಡಿತು, ಅದಕ್ಕೇ ಅಕ್ಷರ ಸೊಟ್ಟಸೊಟ್ಟ. ಅಮ್ಮನಿಗೆ ಮಂಡಿನೋವು ಬಿಟ್ಟರೆ ಬೇರೇನಿಲ್ಲ, ಬಾಯಿಯಂತೂ ಇನ್ನೂ ಹದಿನೆಂಟರ ಹುಡುಗಿಯದ್ದು. ಮೊನ್ನೆ ಆಚೆ ದಡದ ಡ್ರೋನ್ ಒಂದು ನಾವು ಸಿಂಪಿ ಬೆಳೆಸುವ ಕಲ್ಲುಗಳ ಮೇಲೆ ಗುಂಯ್‌ಗುಡುತ್ತಾ ನಿಂತಿತ್ತು. ಅಮ್ಮ ಊರುಗೋಲನ್ನೇ ಎತ್ತಿ ಕೂಗಿದಳು, "ನಾನ್ ಚಿಕ್ಕೋಳಿದ್ದಾಗ ದಿನ ಬಿಟ್ ದಿನ ಗುಂಡು ಹಾಕ್ತಿದ್ರಿ. ಮಧ್ಯ ಒಂದಿನ ಬಟ್ಟೆ ಒಣಗಿಸ್ಕೊಳ್ಳೋಕಾದ್ರೂ ಬಿಡ್ತಿದ್ರಿ. ಈಗ ದಿನಾ ಬಂದ್ ಸಾಯ್ತೀರಲ್ರೋ!" ಪಕ್ಕದ ಮನೆಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ, ಬಹಳ ದಿನದ ಮೇಲೆ.

ಆಪಿಂಗ್‌ಳ ಮೇಲಿನ ಹಲ್ಲು ಬಿತ್ತು. ಮೇಲಿನ ಹಲ್ಲನ್ನು ಮಂಚದ ಕೆಳಗೆ ಎಸೆಯಬೇಕು, ಕೆಳಗಿನದನ್ನು ಸೂರಿನ ಮೇಲೆ. ನಿನ್ನ ಹಲ್ಲುಗಳನ್ನೆಲ್ಲ ಎಸೆದವನು ನಿನ್ನ ಅಣ್ಣನೇ, ನೆನಪಿರಬೇಕು. ಇವಳು ಹಲ್ಲನ್ನು ಬೆಂಕಿಪೊಟ್ಟಣದಲ್ಲಿ ಹಾಕಿ ದಿಂಬಿನ ಕೆಳಗೆ ಇಟ್ಟುಕೊಂಡಿದ್ದಾಳೆ. "ಅಪ್ಪನೇ ಬಂದು ಎಸೀಬೇಕು" ಎಂದು ಹಟ. ತಾ ನಾನು ಎಸೆಯುತ್ತೇನೆ ಎಂದರೆ ಓಡಿಹೋಗುತ್ತಾಳೆ.

ಅವಳ ಅಪ್ಪ, ನಿನ್ನ ಅಣ್ಣ, ನನ್ನ ತಮ್ಮ ಆಥೋ ಮನೆಗೆ ಬಾರದೆ ಇವತ್ತಿಗೆ ಐವತ್ತೆಂಟು ದಿನ. ಇದನ್ನು ನಿನಗೆ ಹೇಳಬೇಕಾಗಿಲ್ಲ, ಆದರೂ ಬರೆಯುತ್ತೇನೆ. ಎಂಜಿನ್ ಕೆಟ್ಟು ದೋಣಿ ನೀರಿನ ಸೆಳೆತಕ್ಕೆ ತೇಲುತ್ತಿತ್ತು. ನಮ್ಮ ಕಡೆಯ ನೀರಿನಲ್ಲೇ ಇತ್ತು ಎಂದು ಕಣ್ಣಾರೆ ಕಂಡ ಇಬ್ಬರು ದೋಣಿಯವರು ಹೇಳುತ್ತಿದ್ದಾರೆ. ಅಷ್ಟರಲ್ಲಿ ಆಚೆ ಕಡೆಯ ಎರಡು ದೊಡ್ಡ ಬಿಳಿ ಹಡಗು ಬಂದು, ಕೊಕ್ಕೆ ಹಾಕಿ, ಬಿದ್ದ ನಾಯಿಯನ್ನು ಎಳೆದಂತೆ ಎಳೆದುಕೊಂಡು ಹೋದವು. ವಿಚಾರಣೆಯಂತೆ. ಏನು ವಿಚಾರಣೆ? ಮೀನು ಹಿಡಿಯುವವನ ಹತ್ತಿರ ಮೀನಿನ ವಾಸನೆ ಬಿಟ್ಟು ಇನ್ನೇನು ಸಿಗುತ್ತದೆ? ಅವರ ಮನೆ ಹಾಳಾಗ. ನಾವು ಕುಡಿಯುವ ನೀರು ಆ ದಡದಿಂದ ಕೊಳವೆಯಲ್ಲಿ ಬರುತ್ತದೆ, ನಿನ್ನ ಅತ್ತಿಗೆ ಯಾನ್‌ಹೋಂಗ್ ಆ ದಡದವಳು, ಅಮ್ಮನ ತವರಿನ ದೇವರು ಆ ದಡದಲ್ಲಿದ್ದಾನೆ. ಇಷ್ಟೆಲ್ಲ ಇಟ್ಟುಕೊಂಡು ಬೆಳಗಾದರೆ ಹಡಗು ತಂದು ಬಾಗಿಲ ಮುಂದೆ ನಿಲ್ಲಿಸುತ್ತಾರೆ. ಇದ್ಯಾವ ಸೀಮೆಯ ನೆಂಟಸ್ತಿಕೆ?

ಇಪ್ಪತ್ತನೇ ದಿನ ಅವನಿಂದ ಎರಡು ನಿಮಿಷದ ಫೋನ್ ಬಂತು. ಆಗ ನೀನು ಹೇಳಿದ್ದನ್ನೇ ಅವನಿಗೆ ಹೇಳಿದ್ದೆ. ನೀನು ಹೇಳಿದ್ದು ನನಗೆ ಬಾಯಿಪಾಠ ಆಗಿದೆ: "ಅಕ್ಕ, ನಮ್ ಸಾಹೇಬ್ರು ಎಂಟು ದೇಶದ ಸಂಸದರನ್ನ ಕರೆಸ್ತಿದಾರೆ. ನಮ್ ದ್ವೀಪಕ್ಕೂ ಬರ್ತಾರೆ, ನಮ್ಮನೇಲೇ ಊಟ. ಕಡಲ ದಡದಲ್ಲಿ ನಿಂತು ಬೆಂಬಲದ ಹೇಳಿಕೆ ಓದ್ತಾರೆ. ಅದ್ರಲ್ಲಿ ಅಣ್ಣನ ಹೆಸ್ರು ಇರತ್ತೆ. ಎಂಟು ಪಾರ್ಲಿಮೆಂಟ್‌ನವ್ರು ಒಬ್ಬ ಮನುಷ್ಯನ ಹೆಸ್ರು ಹೇಳಿದ್ಮೇಲೆ ಅವ್ನನ್ನ ಮುಚ್ಚಿಡೋಕಾಗಲ್ಲ ಅಕ್ಕ." ಅಂದು ನೀನು ಅಳುತ್ತಾ ಹೇಳಿದ್ದೆ. ನಾನು ನಂಬಿದೆ. ಆಥೋಗೆ ಹೇಳಿದೆ, "ಚಿಕ್ಕೋಳು ನಿನ್ ಹೆಸ್ರನ್ನ ಎಂಟು ದೇಶಕ್ಕೆ ಮುಟ್ಟಿಸ್ತಾಳೆ ಕಣೋ, ಧೈರ್ಯವಾಗಿರು." ಅವನು ನಕ್ಕದ್ದು ಕೇಳಿಸಿತು.

ಆ ನಗು ಕೇಳಿದಾಗ ನನಗೆ ನೀನು ಹುಟ್ಟಿದ ವಾರ ನೆನಪಾಯಿತು. ಅಪ್ಪ ಕಡಲಲ್ಲಿ ಮುಳುಗಿ ಎರಡು ತಿಂಗಳಾಗಿತ್ತು. ಅಮ್ಮ ಗೋಡೆ ಕಡೆ ಮುಖ ಮಾಡಿ ಮಲಗಿದವಳು ಏಳುತ್ತಿರಲಿಲ್ಲ, ಮಗುವಿಗೆ ಹೆಸರಿಡಬೇಕೆಂಬ ಯೋಚನೆ ಯಾರಿಗೂ ಇರಲಿಲ್ಲ. ಹದಿನೈದು ವರ್ಷದ ಆಥೋ ತಾನೇ ಕಚೇರಿಗೆ ನಡೆದುಹೋಗಿ, ಅಲ್ಲಿದ್ದ ಗುಮಾಸ್ತ "ದೊಡ್ಡೋರ್ ಯಾರನ್ನಾದ್ರೂ ಕರ್ಕೊಂಡ್ ಬಾ" ಎಂದು ಗದರಿದರೂ ಬಾಗಿಲು ಬಿಟ್ಟು ಕದಲದೆ ನಿಂತು, ನಿನ್ನ ಹೆಸರನ್ನು ಸರ್ಕಾರದ ಪುಸ್ತಕದಲ್ಲಿ ಬರೆಸಿಕೊಂಡು ಬಂದ. ಹುಯ್‌ಲಿಂಗ್ ಎಂಬುದು ಅವನು ಆರಿಸಿದ ಹೆಸರು. ಅದೇ ವಾರ ಶಾಲೆ ಬಿಟ್ಟು ದೋಣಿ ಹತ್ತಿದ.

ಸರಿ, ಆ ದಿನದ ವಿಷಯಕ್ಕೆ ಬರುತ್ತೇನೆ. ನೀವೆಲ್ಲ ಬರುವುದಕ್ಕೆ ಒಂದು ದಿನ ಮುಂಚೆ ನಿಮ್ಮ ಕಚೇರಿಯ ಇಬ್ಬರು ಬಂದಿದ್ದರು, ಇಸ್ತ್ರಿ ಶರ್ಟಿನವರು. ಮನೆಯನ್ನೆಲ್ಲ ಕಣ್ಣಲ್ಲೇ ಅಳೆದರು. ಮೊದಲು ನನಗೆ ಸಿಂಪಿ ಕೀಳಲು ಹೋಗುವಾಗ ಕಟ್ಟುವ ಹೂವಿನ ತಲೆವಸ್ತ್ರ, ಬಿದಿರಿನ ಟೋಪಿ ಹಾಕಿಕೊಂಡು ಊಟಕ್ಕೆ ಕೂರಬೇಕು ಎಂದರು. "ಯಾಕಪ್ಪಾ, ನಿಮ್ಮ ತೈಪೆಲಿ ಛತ್ರಿ ಬಿಚ್ಕೊಂಡ್ ಊಟ ಮಾಡ್ತೀರಾ?" ಎಂದೆ. ಒಬ್ಬ ನಕ್ಕ, ಇನ್ನೊಬ್ಬ ನಗಲಿಲ್ಲ. ನಗದವನು ಅಡುಗೆಮನೆ ಕಡೆ ನೋಡಿ ದನಿ ತಗ್ಗಿಸಿ, "ಅಮ್ಮಾ, ನಿಮ್ಮ ತಮ್ಮನ ಹೆಂಡತಿ ಊಟದ ಹೊತ್ತಿಗೆ ಒಳಗೇ ಇದ್ರೆ ಒಳ್ಳೇದು" ಎಂದ.

"ಯಾಕೆ? ಅವಳಿಗೇನು ಅಂಟುರೋಗ ಬಂದಿದ್ಯಾ?"

"ಹಾಗಲ್ಲ ಅಮ್ಮಾ. ಅವ್ರ ಮಾತು ಕೇಳಿದ್ರೆ ಆಚೆ ಕಡೆಯವ್ರು ಅಂತ..."

"ಅವಳ ಮಾತಿಗೇನಾಗಿದೆ? ಅವಳಾಡೋದೂ ನಾನಾಡೋದೂ ಒಂದೇ ಮಾತು. ನಿನ್ನ ಮಾತೇ ನನಗೆ ಅರ್ಧ ತಿಳೀತಿಲ್ಲ!"

ಅವನನ್ನು ಹೊರಗೆ ಅಟ್ಟುತ್ತಿದ್ದೆ, ಆಣೆಯಾಗಿ ಅಟ್ಟುತ್ತಿದ್ದೆ. ಆದರೆ ಯಾನ್‌ಹೋಂಗ್ ಒದ್ದೆ ಕೈ ಒರೆಸಿಕೊಳ್ಳುತ್ತಾ ಬಂದು, "ಇರ್ಲಿ ಬಿಡಕ್ಕ. ಆಪಿಂಗ್ ಅಪ್ಪನ ಹೆಸ್ರು ಹೇಳಿದ್ರೆ ಸಾಕು, ನಾನ್ ಒಲೆ ಮುಂದೇನೇ ಇರ್ತೀನಿ" ಎಂದಳು. ಹೆಸರು ಬರಲಿ ಎಂದು ನಾನೂ ಹಲ್ಲು ಕಚ್ಚಿಕೊಂಡೆ. ಹನ್ನೊಂದು ವರ್ಷದಿಂದ ಈ ಮನೆಗೆ ಅನ್ನ ಬೇಯಿಸುತ್ತಿರುವ ನಿನ್ನ ಅತ್ತಿಗೆಯನ್ನು ಅವಳ ಮನೆಯಲ್ಲೇ ಬಚ್ಚಿಟ್ಟೆವು.

ಅಡುಗೆಯೆಲ್ಲ ಅವಳದೇ. ಸಿಂಪಿ ಹಾಕಿದ ಶಾವಿಗೆ, ಕಡಲೆಕಾಯಿಯ ಸಿಹಿಗಂಜಿ, ಶುಂಠಿ ಹಾಕಿ ಹಬೆಯಲ್ಲಿ ಬೇಯಿಸಿದ ಹಳದಿ ಮೀನು. ಆ ಮೀನು ನಿನ್ನ ಅಣ್ಣನ ಇಷ್ಟದ್ದು. ಮೇಜಿನ ಕೊನೆಯಲ್ಲಿ ಅವನ ಬಟ್ಟಲು, ಅವನ ಊಟದ ಕಡ್ಡಿಗಳನ್ನು ಇಟ್ಟು, ಕುರ್ಚಿಯ ಮೇಲೆ ಅವನ ನೀಲಿ ಅಂಗಿ ಹೊದಿಸಿದ್ದೆ. ನಿಮ್ಮ ಸಾಹೇಬರು ಫೋಟೋದವನಿಗೆ ಕೈಸನ್ನೆ ಮಾಡಿ ಆ ಕುರ್ಚಿಯ ಚಿತ್ರ ತೆಗೆಸಿದರು. ಒಳ್ಳೆಯದೇ ಆಯಿತು, ಎಲ್ಲರೂ ನೋಡಲಿ ಎಂದುಕೊಂಡೆ. ಎಂಥ ಪೆದ್ದಿ ನಾನು!

ಅತಿಥಿಗಳ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. ಕೆಂಪು ಕನ್ನಡಕದ ಹೆಂಗಸು ಪ್ರತಿ ತುತ್ತಿಗೂ ಕಣ್ಣು ಮುಚ್ಚಿ ತಲೆಯಾಡಿಸುತ್ತಿದ್ದಳು. ಆ ಬೋಳುತಲೆಯ ಮುದುಕರು ಜೋಳದ ಸಾರಾಯಿ ಒಂದು ಗುಟುಕು ಹಾಕಿ ಮುಖವೆಲ್ಲ ಕೆಂಪಾಗಿ, ಅಮ್ಮ ಬೆನ್ನು ತಟ್ಟಿದ ಮೇಲೆ ಉಸಿರುಬಿಟ್ಟರು. ಅವರೂ ಮೀನುಗಾರರ ಊರಿನವರಂತೆ. ನೀನು ಅವರ ಪಕ್ಕದಲ್ಲಿ ಕೂತು ಅವರ ಭಾಷೆಯಲ್ಲಿ ಪಟಪಟ ಮಾತಾಡುತ್ತಿದ್ದೆ. ನಿನ್ನನ್ನು ನೋಡಿ ಹೆಮ್ಮೆಯಾಯಿತು. ಅದನ್ನೂ ಬರೆಯಬೇಕು, ಸುಳ್ಳೇಕೆ?

ಆಗ ನೀನು ಮೀನು ಮಗುಚಿದೆ.

ಮೇಲಿನ ಪಕ್ಕ ಖಾಲಿಯಾಗಿತ್ತು. ಮುದುಕರ ತಟ್ಟೆಗೆ ಇನ್ನಷ್ಟು ಹಾಕಬೇಕೆಂದು ನೀನು ನಗುನಗುತ್ತಾ ಎರಡು ಕಡ್ಡಿಯಿಂದ ಆ ಮೀನನ್ನು ಸರಕ್ಕನೆ ಬೋರಲು ಹಾಕಿದೆ. ಹುಯ್‌ಲಿಂಗ್, ಊರಿನ ಯಾವ ಮಗುವನ್ನು ಬೇಕಾದರೂ ಕೇಳು. ಮನೆಯ ಗಂಡಸು ನೀರಿನ ಮೇಲಿದ್ದಾಗ ಮೀನು ಮಗುಚುವುದೂ ಒಂದೇ, ದೋಣಿ ಮಗುಚುವುದೂ ಒಂದೇ. ನಡುಮುಳ್ಳನ್ನು ಮೆಲ್ಲಗೆ ಎತ್ತಿ ತೆಗೆದು ಕೆಳಗಿನದನ್ನು ತಿನ್ನಬೇಕು ಎಂದು ನಿನ್ನ ಕೈ ಹಿಡಿದು ಕಲಿಸಿದವನು ಅವನು. ಅವನ ಬಟ್ಟಲು ಅಲ್ಲೇ ಇತ್ತು. ಅಮ್ಮನ ಕೈಯಿಂದ ಚಮಚ ಬಿತ್ತು. ನೀನು ಅತ್ತ ತಿರುಗಲೂ ಇಲ್ಲ, ಮಾತು ಮುಂದುವರಿಸಿದೆ. ಮರೆತೇಹೋಗಿತ್ತು ನಿನಗೆ.

ಪರದೆಯ ಸಂದಿಯಿಂದ ಯಾನ್‌ಹೋಂಗ್ ನೋಡುತ್ತಿದ್ದಳು. ಹೊರಗೆ ಬರಬಾರದೆಂದು ಹೇಳಿಸಿಕೊಂಡವಳು ಬಂದೇಬಿಟ್ಟಳು. ಎರಡು ಕೈಯಲ್ಲಿ ತಟ್ಟೆ ಎತ್ತಿಕೊಂಡು ಒಳಗೆ ಹೋಗಿ, ಮೀನನ್ನು ಮೊದಲಿನಂತೆ ತಿರುಗಿಸಿ, ಕಡಲತಾಯಿ ಮಾಜೂವಿನ ಪಟದ ಮುಂದೆ ಇಟ್ಟು ನೆಲಕ್ಕೆ ಹಣೆ ಹಚ್ಚಿದಳು. ಆಚೆ ದಡದಲ್ಲೂ ಇದೇ ಪದ್ಧತಿ. ಅಲ್ಲಿಂದ ಬಂದವಳಿಗೆ ಗೊತ್ತಿದ್ದದ್ದು ನಮ್ಮಪ್ಪನ ಮಗಳಿಗೆ ಗೊತ್ತಿಲ್ಲ. ಕೆಂಪು ಕನ್ನಡಕದವಳು ನಿನ್ನನ್ನು ಏನೋ ಕೇಳಿದಳು, ನೀನು ಏನೋ ಹೇಳಿದೆ. ಆಮೇಲೆ ದುಭಾಷಿ ಹುಡುಗಿಯನ್ನು ವಿಚಾರಿಸಿದೆ. "ಆ ಹೆಂಗಸು ಯಾರು ಅಂತ ಕೇಳಿದ್ರು. ಅಡುಗೆಗೆ ಸಹಾಯ ಮಾಡೋರು ಅಂತ ನಿಮ್ಮ ತಂಗಿ ಅಂದ್ರು" ಎಂದಳು ಪಾಪ, ನನ್ನ ಮುಖ ನೋಡದೆ. ಅಡುಗೆಯವಳಂತೆ! ನಿನಗೆ ಟೈಫಾಯ್ಡ್ ಆದಾಗ ಹದಿನಾಲ್ಕು ದಿನ ಬೆನ್ನಿಗೆ ಒರಗಿಸಿಕೊಂಡು ಗಂಜಿ ಕುಡಿಸಿದ ಅಡುಗೆಯವಳು!

ಊಟವಾದ ಮೇಲೆ ಎಲ್ಲರೂ ದಡಕ್ಕೆ ಹೋದೆವು. ಶತ್ರುವಿನ ದೋಣಿ ದಡ ಹತ್ತದಿರಲೆಂದು ಹಿಂದಿನವರು ಮರಳಲ್ಲಿ ನೆಟ್ಟ ಕಬ್ಬಿಣದ ಕಂಬಿಗಳ ಮುಂದೆ ಮೈಕು ಇಟ್ಟಿದ್ದರು. ಊರಿನವರೆಲ್ಲ ಬಂದಿದ್ದರು. ಸಾಹೇಬರು ಒಂದು ಸಾಲು, ಅತಿಥಿಗಳು ಒಂದು ಸಾಲು. ಯಾನ್‌ಹೋಂಗ್ ಆಪಿಂಗ್‌ಳನ್ನು ಎತ್ತಿಕೊಂಡು ಎಲ್ಲರಿಗಿಂತ ಹಿಂದೆ, ನಮ್ಮೂರ ಕಲ್ಲುಸಿಂಹದ ಮರೆಯಲ್ಲಿ ನಿಂತಿದ್ದಳು. "ಅಪ್ಪನ ಹೆಸ್ರು ಯಾವಾಗ ಬರತ್ತೆ?" ಎಂದು ಆಪಿಂಗ್ ಕೇಳುತ್ತಿದ್ದದ್ದು ನನಗೆ ಮುಂದಕ್ಕೂ ಕೇಳಿಸುತ್ತಿತ್ತು.

ಓದಿದರು. ಮುದುಕರು ಒಂದೊಂದು ಸಾಲು ಓದಿದಂತೆ ಆ ದುಭಾಷಿ ಹುಡುಗಿ ನಮ್ಮ ಭಾಷೆಯಲ್ಲಿ ಹೇಳಿದಳು. ಕಡಲು ಎಲ್ಲರಿಗೂ ಸೇರಿದ್ದು ಎಂದರು. ಬಲವಂತದಿಂದ ಯಾವುದನ್ನೂ ಬದಲಿಸಬಾರದು ಎಂದರು. ಈ ದ್ವೀಪದ ಮೀನುಗಾರರ ಧೈರ್ಯಕ್ಕೆ ತಲೆಬಾಗುತ್ತೇವೆ ಎಂದರು. ಈಗ ಬರುತ್ತದೆ, ಈಗ ಬರುತ್ತದೆ ಎಂದು ಅಮ್ಮನ ಕೈ ಹಿಡಿದುಕೊಂಡೆ. ಎಂಟು ದೇಶದ ಜನ ನಿಮ್ಮ ಜೊತೆಗಿದ್ದಾರೆ ಎಂದರು. ಚಪ್ಪಾಳೆ ಬಿತ್ತು. ಮುಗಿಯಿತು. ಅಮ್ಮ ಇನ್ನೂ ಕಿವಿಯ ಹತ್ತಿರ ಅಂಗೈ ಇಟ್ಟುಕೊಂಡೇ ನಿಂತಿದ್ದಳು. "ಹೇಳಿದ್ರಾ? ನಂಗೆ ಗಾಳೀಲಿ ಕೇಳಿಸ್ಲಿಲ್ಲ" ಎಂದಳು.

ನನ್ನ ಮೈಯೆಲ್ಲ ಉರಿದುಹೋಯಿತು. ನುಗ್ಗಿ ಹೋಗಿ ಆ ಮುದುಕರ ತೋಳು ಹಿಡಿದೆ. ಕಾವಲಿನವನು ಅಡ್ಡ ಬಂದ, ಅವರೇ ಬೇಡ ಎಂದರು. "ನನ್ನ ತಮ್ಮನ ಹೆಸರು ಎಲ್ಲಿ? ಓಂಗ್ ಬೆಂಗ್‌ಥೋ ಎಲ್ಲಿ?" ಎಂದು ಕೇಳಿದೆ. ಆ ಹುಡುಗಿ ಅದನ್ನು ಅವರಿಗೆ ಹೇಳಿದಾಗ ಅವರ ಮುಖ ಬಿಳಿಚಿಕೊಂಡಿತು. ಆಗ ನೀನು ಕಾರುಗಳ ಹತ್ತಿರ ಇದ್ದೆ. ಅವರು ಹೇಳಿದ್ದು ಇಷ್ಟು: "ನಮ್ಮ ಊರಿಂದ ಹೊರಡುವಾಗ ಹೇಳಿಕೆಯ ಮೊದಲನೇ ಸಾಲಿನಲ್ಲೇ ಆ ಹೆಸರಿತ್ತು. ತೈಪೆಯಲ್ಲಿ ಒಂದು ಪತ್ರ ಕೊಟ್ಟರು. ಹೆಸರು ಬೇಡ ಎಂದು ಮನೆಯವರೇ ಬರೆದುಕೊಟ್ಟಿದ್ದಾರೆ ಎಂದರು. ಮನೆಯವರ ಮಾತು ಮೀರುವುದು ಹೇಗೆ?"

ಮನೆಯವರೇ! ಅಷ್ಟರಲ್ಲಿ ನೀನು ಓಡಿಬಂದು ನನ್ನ ತೋಳು ಹಿಡಿದು, "ಅಕ್ಕ, ಎಲ್ರೂ ನೋಡ್ತಿದಾರೆ. ವಿಮಾನಕ್ಕೆ ಹೊತ್ತಾಯ್ತು. ದೊಡ್ಡ ವಿಷ್ಯ ನೋಡು, ಇಷ್ಟು ದೇಶದವ್ರು ಬಂದಿದ್ದೇ ದೊಡ್ಡದಲ್ವಾ" ಎಂದೆ. ದೊಡ್ಡ ವಿಷಯವಂತೆ. ಹುಯ್‌ಲಿಂಗ್, ಆ ದಡದವರೂ ಇದನ್ನೇ ಹೇಳುತ್ತಾರೆ. ಅವರಿಗೂ ದೊಡ್ಡ ವಿಷಯವೇ ಬೇಕು. ಎರಡು ದೊಡ್ಡ ವಿಷಯದ ನಡುವೆ ನನ್ನ ತಮ್ಮ ಒಂದು ಕೋಣೆಯಲ್ಲಿ ಕೂತಿದ್ದಾನೆ, ಅವನಿಗೆ ಬೆನ್ನುನೋವು ಇದೆ, ಅವನು ತಣ್ಣನೆ ನೆಲದ ಮೇಲೆ ಮಲಗಬಾರದು. ಕಡಲಿನ ಹೆಸರು ಹೇಳಿದರು, ದ್ವೀಪದ ಹೆಸರು ಹೇಳಿದರು, ನಿಮ್ಮ ಸಾಹೇಬರ ಹೆಸರನ್ನು ಮೂರು ಸಲ ಹೇಳಿದರು. ಅವನ ಹೆಸರು ಎರಡು ಉಸಿರಿನಷ್ಟಿಲ್ಲ. ಅಷ್ಟಕ್ಕೆ ಜಾಗವಿರಲಿಲ್ಲವೇ?

ಮನೆಗೆ ಬಂದು ಎಲ್ಲರನ್ನೂ ಕೇಳಿದೆ. ಅಮ್ಮ ಬರೆದುಕೊಟ್ಟಿಲ್ಲ, ಅಮ್ಮನಿಗೆ ಅಕ್ಷರವೇ ಬಾರದು. ಯಾನ್‌ಹೋಂಗ್ ಬರೆದುಕೊಟ್ಟಿಲ್ಲ. ನಾನು ಕೇಳಿದ್ದಕ್ಕೇ ಅವಳು ಒಂದು ದಿನ ಊಟ ಬಿಟ್ಟಳು. ನಾನಂತೂ ಬರೆದಿಲ್ಲ. ಹಾಗಾದರೆ ನಿಮ್ಮ ಕಚೇರಿಯಲ್ಲಿ ಕೂತು ಯಾವುದೋ ಹಲ್ಕಾ ಜನ ನಮ್ಮ ಹೆಸರಿನಲ್ಲಿ ಪತ್ರ ಬರೆದಿದ್ದಾರೆ ಎಂದಾಯಿತು. ನೀನು ಅಲ್ಲೇ ಇರುವವಳು, ಜಾಣೆ, ನಾಲ್ಕು ಜನರ ಪರಿಚಯ ಇರುವವಳು. ಯಾರು ಎಂದು ಪತ್ತೆ ಮಾಡಿ ಹೇಳು. ಅವರ ಮುಖ ನಾನು ಒಂದು ಸಲ ನೋಡಬೇಕು, ಅಷ್ಟೇ. ಹೊಡೆಯುವುದಿಲ್ಲ.

ಕಾಗದ ಉದ್ದವಾಯಿತು. ಸಿಟ್ಟಿನಲ್ಲಿ ಹೆಚ್ಚುಕಡಿಮೆ ಬರೆದಿದ್ದರೆ ಅಕ್ಕನ ಬಾಯಿ ಗೊತ್ತಿದೆಯಲ್ಲ, ಹೊಟ್ಟೆಗೆ ಹಾಕಿಕೋ. ಇದರ ಜೊತೆ ಒಣಗಿಸಿದ ಸಿಂಪಿಯ ಒಂದು ಪೊಟ್ಟಣ ಕಳಿಸುತ್ತಿದ್ದೇನೆ. ಗಂಜಿಗೆ ಹಾಕಿಕೊಂಡು ತಿನ್ನು, ನಿನಗೆ ಬೇಗ ರಕ್ತ ಕಡಿಮೆಯಾಗುತ್ತದೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಕಾಫಿ ಕುಡಿಯಬೇಡ. ಚಳಿಯಲ್ಲಿ ಕಿವಿಗೆ ಏನಾದರೂ ಕಟ್ಟಿಕೋ. ಮಾಜೂತಾಯಿ ನೆಲದ ಮೇಲಿರುವ ನಿನ್ನನ್ನೂ ನೀರಿನಾಚೆ ಇರುವ ಅವನನ್ನೂ ಒಂದೇ ಕಣ್ಣಿನಿಂದ ನೋಡಲಿ. ನಿನಗೆ ಒಳ್ಳೆಯದಾಗಲಿ.

ಇಂತಿ ನಿನ್ನ ಅಕ್ಕ,
ಸಿಯುಬೀ

ಮತ್ತೆ: ಆ ಪತ್ರ ಬರೆದವರನ್ನು ಹುಡುಕುವ ಕಷ್ಟ ತೆಗೆದುಕೊಳ್ಳಬೇಡ. ದುಭಾಷಿ ಹುಡುಗಿ ಮುದುಕರ ಹತ್ತಿರ ಕೇಳಿ ಇಸಿದುಕೊಂಡು ನಾಲ್ಕು ದಿನದ ಹಿಂದೆಯೇ ಅದರ ಫೋಟೋ ಕಳಿಸಿದಳು. ಕೊನೆಯಲ್ಲಿ "ಕುಟುಂಬದ ಪರವಾಗಿ" ಎಂದು ಬರೆದು ಕೆಂಪು ಮುದ್ರೆ ಒತ್ತಿದ್ದಾರೆ. ಆ ಮುದ್ರೆಯ ಎಡಮೂಲೆ ಒಡೆದಿದೆ. ನಿನಗೆ ಕೆಲಸ ಸಿಕ್ಕ ದಿನ ಅಣ್ಣ ನಿನ್ನ ಹೆಸರನ್ನು ಕೊಂಬಿನ ಮುದ್ರೆಯಲ್ಲಿ ಕೆತ್ತಿಸಿ ತಂದುಕೊಟ್ಟ. ನೀನು ಕುಣಿದಾಡಿ ಹೊಸ್ತಿಲ ಮೇಲೆ ಬೀಳಿಸಿದೆ, ಮೂಲೆ ಒಡೆಯಿತು. "ಹೊಸದು ಮಾಡಿಸ್ಕೊಡ್ತೀನಿ ಬಿಡು" ಎಂದ ಅವನು, "ಬೇಡ, ಇದೇ ನಂದು" ಎಂದೆ ನೀನು. ಹಾಗಾಗಿ ಗೊತ್ತಿದ್ದೇ ಇಷ್ಟು ಪುಟ ಬರೆದೆ. ಅತ್ತಿಗೆ ಯಾವ ದಡದವಳು ಎಂದು ಪತ್ರಿಕೆಯವರು ಕೆದಕುತ್ತಾರೆ, ಸಾಹೇಬರ ಚುನಾವಣೆಗೆ ಕಷ್ಟವಾಗುತ್ತದೆ, ಅದೇ ತಾನೇ? ಫೋನಿನಲ್ಲಿ ಕೇಳಿದ್ದರೆ ನೀನು ಹೀಗೇ ಹೇಳುತ್ತಿದ್ದೆ. ಅದಕ್ಕೇ ಆ ಫೋಟೋ ಬಂದ ಮೇಲೂ ನಾನು ಫೋನ್ ಎತ್ತಲಿಲ್ಲ. ಅಮ್ಮನಿಗಾಗಲಿ ಯಾನ್‌ಹೋಂಗ್‌ಗಾಗಲಿ ಹೇಳಿಲ್ಲ, ಹೇಳುವುದೂ ಇಲ್ಲ. ನೀನೇ ಬಂದು ಹೇಳು.

ನೆನ್ನೆ ಬೆಳಿಗ್ಗೆ ಅವನ ಫೋನ್ ಬಂತು. ಈ ಸಲವೂ ಎರಡೇ ನಿಮಿಷ. ಆಪಿಂಗ್ ಹಲ್ಲಿನ ಸುದ್ದಿ ಹೇಳಿದಳು, ಯಾನ್‌ಹೋಂಗ್‌ಗೆ ಅಳುವುದರಲ್ಲೇ ಹೊತ್ತಾಯಿತು. ಕೊನೆಗೆ ಫೋನ್ ನನ್ನ ಕೈಗೆ ಬಂದಾಗ ಅವನು ಕೇಳಿದ, "ಅಕ್ಕ, ಚಿಕ್ಕೋಳು ಹೇಳಿದ್ ಕೆಲ್ಸ ಆಯ್ತಾ? ನನ್ ಹೆಸ್ರು ಹೇಳಿದ್ರಾ?"

"ಹೇಳಿದ್ರು ಕಣೋ. ಎಂಟು ದೇಶದವ್ರೂ ಹೇಳಿದ್ರು" ಎಂದೆ.

"ನಂಗೊತ್ತಿತ್ತು ಬಿಡು. ನಮ್ ಚಿಕ್ಕೋಳು ಹಿಡಿದಿದ್ ಬಿಡೋಳಲ್ಲ" ಎಂದ. ಅಷ್ಟರಲ್ಲಿ ಲೈನು ಹೋಯಿತು.